ಏಳು ಟ್ಯಾಬು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ, ಬೆಳಗಿನ ಹತ್ತೂಕಾಲು.
ತೂಕದ ಚೀಟಿ ಮುದ್ರಿಸುವ ನನ್ನ ಪ್ರೋಗ್ರಾಮು
ಮೂರು ಕಂಪ್ಯೂಟರಿನಲ್ಲಿ ಮೂರು ಥರ ಬಾಯಿ ತೆರೆಯುತ್ತದೆ.

ಒಂದನೇ ಕೌಂಟರಿನಲ್ಲಿ ಕಿಟಕಿ ನಟ್ಟನಡುವೆ,
ಮದುವೆ ಫೋಟೋದ ಗಂಡಿನ ಹಾಗೆ.
ಎರಡನೆಯದರಲ್ಲಿ ತಲೆಪಟ್ಟಿಯೇ ಮೇಲಂಚು ದಾಟಿ
ಸೂರಿಗೆ ನುಗ್ಗಿದೆ; ಹಿಡಿದು ಎಳೆಯಲು ಜುಟ್ಟಿಲ್ಲ.
ಮೂರನೆಯದು ಚಿಂತಾಮಣಿಯ ಮುಚ್ಚಿಹೋದ ಸೈಬರಿನಿಂದ ಬಂದದ್ದು.
ಯಾರೋ ಹುಡುಗ ಅದರೊಳಗೆ
ಟೈಲ್ಸ್ ಹಾಕಿದಂತೆ ಕಿಟಕಿ ಜೋಡಿಸುವ ಮ್ಯಾನೇಜರನ್ನು ಕೂರಿಸಿ ಹೋಗಿದ್ದಾನೆ:
ಹೊಸದೊಂದು ತೆರೆದರೆ ಹಳೆಯದು ಅರ್ಧಕ್ಕೆ,
ಇನ್ನೊಂದು ತೆರೆದರೆ ಕಾಲಿಗೆ,
ಅಣ್ಣತಮ್ಮಂದಿರು ಹೊಲ ಹಂಚಿಕೊಂಡ ಹಾಗೆ.
ರೈತನ ಹೆಸರು ಕಾಣುತ್ತದೆ, ಊರು ಕಾಣುತ್ತದೆ,
ಗೂಡಿನ ತೂಕ ಕಾಣುತ್ತದೆ,
‘ಉಳಿಸು’ ಗುಂಡಿ ಮಾತ್ರ ನೆಲದ ಕೆಳಗೆ.

ಸಾವಿರದ ಇಪ್ಪತ್ತನಾಲ್ಕು ಅಗಲ, ಏಳುನೂರ ಅರವತ್ತೆಂಟು ಎತ್ತರ.
ನಾನೇ ಬರೆದದ್ದು, ಮನೆಯ ದೊಡ್ಡ ತೆರೆಯ ಮುಂದೆ ಕೂತು,
ಲೋಕವೆಲ್ಲ ನನ್ನ ಮೇಜಿನಷ್ಟೇ ಅಗಲ ಎಂದುಕೊಂಡು.
ಈಗ ಇಲ್ಲಿ ಗೋಣಿಚೀಲದ ಮೇಲೆ ಕೂತು ತಿಳಿಯುತ್ತಿದೆ:
ನಾನು ಬರೆದದ್ದು ಅರ್ಜಿ.
‘ಇಷ್ಟು ಜಾಗ ಕೊಡಿ ಸ್ವಾಮಿ’ ಎನ್ನಬಹುದು ಪ್ರೋಗ್ರಾಮು.
ಒಬ್ಬ ಮ್ಯಾನೇಜರು ಓದಿ ಸಹಿ ಹಾಕುತ್ತಾನೆ,
ಒಬ್ಬ ಓದಿ ನಗುತ್ತಾನೆ,
ಒಬ್ಬ ಓದುವುದೇ ಇಲ್ಲ.

ಮೂರನೇ ಕೌಂಟರಿನ ಶಾಹೀನ್‌ತಾಜಳನ್ನು ಕೇಳಿದೆ:
ಗುಂಡಿಯೇ ಕಾಣದೆ ಆರು ತಿಂಗಳು ಹೇಗಮ್ಮ ನಡೆಸಿದೆ?
ಅವಳು ಕತ್ತೆತ್ತಲಿಲ್ಲ.
‘ತೂಕ ಹೊಡೆದು ಏಳು ಟ್ಯಾಬು, ಆಮೇಲೆ ಎಂಟರು.
ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬುಡಣ್ಣ.’

ಎಡಗೈಯ ಉಂಗುರಬೆರಳು ಏಳು ಸಲ ಕುಟ್ಟುವುದು
ಆಗಲೇ ನನಗೆ ಕೇಳಿಸಿದ್ದು.
ನನ್ನ ಪ್ರೋಗ್ರಾಮಿನೊಳಗೆ ಅವಳೊಂದು ಓಣಿ ಕೊರೆದುಕೊಂಡಿದ್ದಳು,
ಕರೆಂಟು ಹೋದರೂ ಕಾಲಿಗೆ ಗೊತ್ತಿರುವಂಥ ಓಣಿ.

ಆದರೂ ಸರಿಮಾಡಿದೆ.
ಕನಿಷ್ಠ ಎತ್ತರ ಇಳಿಸಿದೆ, ಪಕ್ಕಕ್ಕೊಂದು ಉರುಳುಪಟ್ಟಿ ಇಟ್ಟೆ,
ಗುಂಡಿಗಳ ಸಾಲನ್ನು ಬುಡದಿಂದ ಎತ್ತಿ ನೆತ್ತಿಯ ಮೇಲೆ ಕೂರಿಸಿದೆ.
ಎಷ್ಟು ಕುಗ್ಗಿಸಿದರೂ ‘ಉಳಿಸು’, ‘ಅಳಿಸು’
ಎರಡೂ ಹಲ್ಲು ಕಿರಿದು ನಿಂತವು.
ಟೀ ಕುಡಿದೆ. ಎರಡು.

ಮೇಲೂರಿನ ಪಿಳ್ಳಮುನಿಶಾಮಪ್ಪನ ಗೂಡು,
ನಲವತ್ತೊಂದು ಕಿಲೋ ಮುನ್ನೂರು ಗ್ರಾಂ.
ಶಾಹೀನ್‌ತಾಜ್ ತೂಕ ಹೊಡೆದಳು. ಏಳು ಟ್ಯಾಬು. ಎಂಟರು.
ಚೀಟಿ ಬರಲಿಲ್ಲ.
ಏಳನೆಯ ಮನೆಗೆ ಈಗ ‘ಅಳಿಸು’ ಬಾಡಿಗೆಗೆ ಬಂದಿತ್ತು.

ಅವಳು ನನ್ನನ್ನು ನೋಡಿದಳು, ಬೈಯಲಿಲ್ಲ.
ಬೈದಿದ್ದರೆ ಚೆನ್ನಾಗಿತ್ತು.
ಪಿಳ್ಳಮುನಿಶಾಮಪ್ಪ ತಕ್ಕಡಿಯ ಕಡೆ ತಿರುಗಿದ:
‘ಗೂಡು ಅಲ್ಲೇ ಅವಲ್ಲ, ಇನ್ನೊಂದ್ ಸಲ ತೂಗವ್ವ.’
ತೂಗಿದರು. ನಲವತ್ತೊಂದು ಕಿಲೋ ಇನ್ನೂರ ತೊಂಬತ್ತು.
ಆ ಹತ್ತು ಗ್ರಾಂ ಇನ್ನೂ ನನ್ನ ಜೇಬಿನಲ್ಲಿದೆ.

ಗುಂಡಿಗಳು ಮೇಲೆಯೇ ಇರಲಿ, ಕಣ್ಣಿಗೆ.
ಬೆರಳಿಗೆ ಮಾತ್ರ ಏಳನೆಯದಾಗಿಯೇ ಸಿಗಲಿ ಎಂದು
ಟ್ಯಾಬಿನ ಸರದಿಯನ್ನು ಅವಳ ಎಣಿಕೆಗೆ ಹೊಲಿದೆ.
‘ಅಳಿಸು’ವನ್ನು ಮೆನುವಿನ ಹಿತ್ತಿಲಿಗೆ ಕಳಿಸಿ, ಆ ಸಾಲಿನ ಪಕ್ಕ ಬರೆದೆ:
ಈ ಏಳನ್ನು ಮುಟ್ಟಬೇಡಿ.
ಮುಟ್ಟಲೇಬೇಕಾದರೆ ಮೂರನೇ ಕೌಂಟರನ್ನು ಕೇಳಿ.

ಎರಡನೆಯದರ ತಲೆಪಟ್ಟಿ ಇನ್ನೂ ಸೂರಿನಲ್ಲೇ ಇದೆ.
ಅಲ್ಲಿ ಕೂರುವ ಸೊಣ್ಣಪ್ಪನಿಗೆ ಇವತ್ತು ರಜ.
ನಾಳೆ ಬರುತ್ತೇನೆ,
ಮೊದಲು ಅವನ ಕೈ ನೋಡಬೇಕು.