ನಾಲ್ಕನೇ ಕಾಲಂ

ಹಲಾಪಾದ ಇಲಾಖೆಯವರಿಗೆ,
ನಿಮ್ಮ ನಮೂನೆ ಮೊನ್ನೆ ದೋಣಿಯಲ್ಲಿ ಬಂತು,
ಒಂದು ಮೂಲೆ ನೆನೆದಿತ್ತು.
ನಾಲ್ಕನೇ ಕಾಲಂ ಕೇಳುತ್ತದೆ:
'ಓಲ್ಮೆಕ್ಕರ ಬಗ್ಗೆ ಕಲಿಯಲು
ನಿಮ್ಮ ಮ್ಯೂಸಿಯಮ್ಮಿನಲ್ಲಿರುವ ಸಾಮಗ್ರಿ ಯಾವುದು, ಎಷ್ಟು?'
ಬಿಟ್ಟ ಜಾಗ ಎರಡು ಬೆರಳಗಲ.
ಅದಕ್ಕೇ ಹಾಳೆಯ ಬೆನ್ನಿಗೆ ಬಂದಿದ್ದೇನೆ, ಮನ್ನಿಸಿ.

ಪುಸ್ತಕ ಒಂದು.
ನನಗಿಂತ ಮುಂಚೆ ಇಲ್ಲಿ ಕಾವಲಿದ್ದ
ದೋನ್ ಎಲಿಹಿಯೊ ಬಿಟ್ಟುಹೋದದ್ದು.
ಮೂವತ್ತರಿಂದ ಎಂಬತ್ತನೇ ಪುಟದ ತನಕ
ಗೆದ್ದಲು ಓದಿ ಮುಗಿಸಿದೆ.
ಹೀಗಾಗಿ ನಮ್ಮೂರಲ್ಲಿ ಓಲ್ಮೆಕ್ಕರು ಹುಟ್ಟುತ್ತಾರೆ,
ಮಗುಚಿದರೆ ಆಗಲೇ ಇಲ್ಲವಾಗಿರುತ್ತಾರೆ.
ನಡುವೆ ಉಂಡದ್ದು, ನಕ್ಕದ್ದು, ಅತ್ತೆ ಸೊಸೆ ಜಗಳಾಡಿದ್ದು
ಎಲ್ಲ ಹುಳದ ಹೊಟ್ಟೆಯಲ್ಲಿ.

ಭೂಪಟ ಒಂದು. ಹೊಳೆ ಮಗ್ಗುಲು ಬದಲಿಸುವ ಮೊದಲಿನದು.

ತಲೆ ಒಂದು, ಕಲ್ಲಿನದು.
ನನ್ನೆತ್ತರಕ್ಕಿಂತ ಗೇಣು ಹೆಚ್ಚು.
ತೂಕ ಬರೆದಿಲ್ಲ;
ನೀವು ಕಳಿಸಿದ ತಕ್ಕಡಿ ಬೀನ್ಸು ತೂಗಲು ಸರಿ.
ಚೆಲುವಾದ ತಲೆಗಳನ್ನು ಲಾರಿಯಲ್ಲಿ ಒಯ್ದಿರಿ,
ಇದರ ಮೂಗು ಮುರಿದಿತ್ತೆಂದು ನಮಗೆ ಬಿಟ್ಟಿರಿ.
ನಮ್ಮಲ್ಲಿ ಕಲ್ಲೇ ಇಲ್ಲ, ಅಗೆದಷ್ಟೂ ಕೆಸರು.
ತೂಷ್ತ್ಲಾ ಬೆಟ್ಟದಿಂದ ಎಳೆದು ತಂದರಂತೆ,
ಗಾಲಿಯಿಲ್ಲ, ಎತ್ತಿಲ್ಲ.

'ಎಷ್ಟು ಜನರ ಬೆನ್ನು ಬೇಕಾಯಿತು?'
ಮೂರನೇ ತರಗತಿಯ ಎವಾರಿಸ್ತೊ ಕೇಳಿದ.
ಗೊತ್ತಿಲ್ಲ ಮಗಾ ಅಂದೆ.
ಮರುದಿನ ಇಡೀ ಶಾಲೆಯನ್ನು ಹೊರಡಿಸಿಕೊಂಡು ಬಂದು
ನಮ್ಮಜ್ಜಿಯ ಜೋಳ ಅರೆಯುವ ಕಲ್ಲಿಗೆ ಹಗ್ಗ ಬಿಗಿಸಿದ.
ಹನ್ನೊಂದು ಮಕ್ಕಳು,
ಹೊಳೆಯಿಂದ ನನ್ನ ಬಾಗಿಲಿಗೆ ಒಂದಿಡೀ ಮಧ್ಯಾಹ್ನ.
ಸಂಜೆ ಸಾಲಾಗಿ ನಿಂತು ಅಂಗೈ ತೋರಿಸಿದರು,
ಕೆಂಪನೆಯ ಬರೆ.
ಆ ಇಪ್ಪತ್ತೆರಡು ಅಂಗೈ
ಯಾವ ಕಾಲಮ್ಮಿನಲ್ಲಿ ಬರೆಯಲಿ?

ಎಲುಬು ಇಲ್ಲ.
ಈ ಮಣ್ಣು ಹುಳಿ,
ಹೂಳಿದ್ದನ್ನೆಲ್ಲ ತಿಂದು ಬಾಯೊರೆಸಿಕೊಳ್ಳುತ್ತದೆ.
ನನ್ನ ಗಂಡ ಹಿಲಾರಿಯೊ ಮಲಗಿ ಹದಿನಾಲ್ಕು ವರ್ಷ;
ಅವನೂ ಈಗ ಅವರ ಕಡೆಯವನೇ ಆಗಿರಬೇಕು.

ಚೆಂಡು.
ಮನಾತಿಯ ಊಟೆಯ ಕೆಸರಲ್ಲಿ ಸಿಕ್ಕ
ಮೂರು ಸಾವಿರ ವರ್ಷದ ರಬ್ಬರು
ನಿಮ್ಮ ಗಾಜಿನ ಪೆಟ್ಟಿಗೆಯಲ್ಲಿದೆ, ಪುಟಿಯುವುದಿಲ್ಲ.
ಇಲ್ಲಿ ದೋನ್ಯಾ ಪಾಂತಾಲಿಯೋನಾ ಇದ್ದಾಳೆ, ತೊಂಬತ್ತು.
ತೊಗಟೆ ಗೀರಿ ಹಾಲಿಳಿಸಿ
ಇರುಳು ಅರಳುವ ಬಿಳಿಹೂವಿನ ಬಳ್ಳಿ ಜಜ್ಜಿ ಬೆರೆಸಿ
ಸುತ್ತುತ್ತಾಳೆ. ಬಡಿದರೆ ಸೂರಿಗೆ.
ಯಾರು ಕಲಿಸಿದರು ಅಂದರೆ, ಅಮ್ಮ.
ಆ ಅಮ್ಮನಿಗೆ? ಅವಳಮ್ಮ.
ಅವಳಿಗೆ?
ಮುದುಕಿ ಚೆಂಡಿನಿಂದ ಕಣ್ಣೆತ್ತಲಿಲ್ಲ.
ನಾನು ರಾತ್ರಿ ಮಲಗಿ ಅಮ್ಮಂದಿರನ್ನು ಎಣಿಸುತ್ತ ಕೆಳಗಿಳಿದೆ,
ನೂರರ ಹತ್ತಿರ ನಿದ್ದೆ ಬಂತು.

ಹೆಸರಿನ ಬಗ್ಗೆ ಒಂದು ಮಾತು.
'ಓಲ್ಮೆಕ್' ಅವರಿಟ್ಟುಕೊಂಡದ್ದಲ್ಲವಂತೆ.
ಎಷ್ಟೋ ಕಾಲದ ಮೇಲೆ ದೂರದವರು ಯಾರನ್ನೋ
ರಬ್ಬರು ನಾಡಿನವರು ಅಂದರು,
ಅಂಗಿ ಇವರಿಗೆ ತೊಡಿಸಿದಿರಿ.
ನಮ್ಮ ಮಕ್ಕಳು ಕಲ್ಲಿನ ಕಿವಿಯಲ್ಲಿ
ದಿನಕ್ಕೊಂದು ಹೆಸರು ಉಸುರುತ್ತಾರೆ,
ಯಾವುದಕ್ಕೆ 'ಹಾಂ' ಅನ್ನುತ್ತದೋ ನೋಡಲು.
ಇನ್ನೂ ಅಂದಿಲ್ಲ.
ಆದರೂ ಕಿವಿ ಮಾತ್ರ ನುಣುಪಾಗಿದೆ.

ಬೇಕಾದ್ದು: ತಗಡು ಎರಡು.
ಪುಸ್ತಕ ಕಳಿಸುವುದಾದರೆ ಡಬ್ಬಿಯಲ್ಲಿ ಕಳಿಸಿ,
ಈ ಊರಿನ ಹುಳಕ್ಕೆ ಓದಿನ ಹಸಿವು ತೀರಿಲ್ಲ.

ಕಳೆದ ವಾರದ ಮಳೆಗೆ ದಂಡೆ ಜರಿದು
ತುಟಿಯಂಥದೊಂದು ಕಲ್ಲಿನಂಚು ಹೊರಗೆ

ಮೇಲಿನ ಎರಡು ಸಾಲು ಹೊಡೆದುಹಾಕಿದ್ದೇನೆ, ಓದಬೇಡಿ.
ಎವಾರಿಸ್ತೊ ಬಕೆಟ್ಟಿನಲ್ಲಿ ಕೆಸರು ಹೊತ್ತು ಹೊತ್ತು
ಅದನ್ನು ಮತ್ತೆ ಮುಚ್ಚುತ್ತಿದ್ದಾನೆ,
ಕಿಟಕಿಯಿಂದ ಕಾಣುತ್ತಾನೆ.
'ಅವರಿಗೆ ಹೇಳಬೇಡ, ಮೂಗು ಸರಿಯಿದೆ' ಅಂದ.

ನಿಕಾಂದ್ರಾ, ಕಾವಲಿನವಳು.
ಸಹಿಯ ಪಕ್ಕದ ಕಲೆ ಹೊಳೆಯದು.