ಹೊಗಿಗೊಂದು ಒಳಂಗಿ

ಮಾಗಿಯ ಒಂದು ರಾತ್ರಿ ಹೊಗಿಗೂಡು ಗುರ್ರಂತು,
ಗೂಡ್ಸ್ ಗಾಡಿ ಗ್ವಾಡಿಯೊಳಗಿಂದ ಹಾದು ಹೋದಂಗ.
ದಿನಕ್ಕ ನಾನೂರು ರೊಟ್ಟಿ, ಮೂರು ವರ್ಷದ ಹೊಗಿ
ಒಳಗ ಡಾಂಬರಾಗಿ ಕುಂತಿತ್ತಲ್ಲ,
ಆ ಇಲ್ಲಣಕ್ಕ ಕಿಡಿ ಹತ್ತಿತ್ತು.
ಒಲಿ ಬಾಯಿಗೆ ಹಸಿ ಗೋಣಿಚೀಲ ತುರುಕಿ
ನಾನೂ ತಂಗೆವ್ವನೂ ಅಂಗಳದಾಗ ನಿಂತಿವಿ.
ಮ್ಯಾಲ, ಕುಲುಮಿಯಂಗ ಕೆಂಪು.

ಬೆಳಿಗ್ಗೆ ನೋಡಿದ್ರ ಇಟ್ಟಂಗಿ ಸಂದಿ ಬಾಯಿ ಬಿಟ್ಟಿತ್ತು.
ಮ್ಯಾಲಿನ ಮನಿ ಟೀಚರ್ ಬಾಯಿ ಅದಕ್ಕಿಂತ ದೊಡ್ಡದು.
ಆಕಿ ಸೀರಿಗೆಲ್ಲ ಹೊಗಿ ನಾತ,
ಸಾಲಿ ಹುಡುಗ್ರು ಮೂಗು ಮುಚ್ಚತಾರಂತ.

ಮೈನುದ್ದೀನ್ ಗೌಂಡಿ ಬ್ಯಾಟರಿ ಬಿಟ್ಟು ಇಣುಕಿದ.
"ಕೆಡವೂದು ಬ್ಯಾಡವ್ವ. ಒಂದು ಒಳಂಗಿ ಹಾಕಿದ್ರ ಸಾಕು."

ಗಂಗಾವತಿ ಪ್ಯಾಟಿ ತಿರಗಿದೆ, ಹೊಗಿಗೆ ಅಂಗಿ ಹುಡುಕ್ಕೋತ.
ಪಾರಸ್‌ಮಲ್ ಅಂಗಡಿ ಸ್ಟೀಲ್ ಕೊಳವಿ:
ಮುಟ್ಟಿದೆ, ನನ್ನ ಮುಖ ಉದ್ದಾಗಿ ಕಂಡಿತು.
ರೇಟು ಕೇಳಿದೆ, ಇನ್ನೂ ಉದ್ದಾತು.
ತಗಡಿಂದು ನಾಕು ಸಾವಿರ, ಎರಡು ಮಳಿಗಾಲಕ್ಕ ತುಕ್ಕು.
ಸಿಮೆಂಟ್ ಶೀಟಿನ ಕೊಳವಿ ಅಗ್ಗ. ಗೌಂಡಿ ತಲಿ ಅಲ್ಲಾಡಿಸಿದ:
"ಬೆಂಕಿ ಕಂಡ್ರ ಒಡಿತೈತಿ. ಅದರ ಪುಡಿ ಎದಿಯೊಳಗ ಇಳದ್ರ
ಯಾವ ಗೌಂಡಿಗೂ ಗಿಲಾಯಿ ಮಾಡಾಕಾಗೂದಿಲ್ಲ."
ಬೋರಿನ ಕೇಸಿಂಗ್ ಪೈಪು ಹಾಕು ಅಂದ ಮೈದುನ.
ಅದು ಪ್ಲಾಸ್ಟಿಕ್ಕು. ಅವನ ಬುದ್ಧಿನೂ ಹಂಗ,
ಕಾವಿಗೆ ಬಾಗತೈತಿ.

ಕಡೀಕ ಕುಂಬಾರ ಗಿರಿಜವ್ವನ ಮುಂದ ಕುಂತೆ.
"ತಳ ಇಲ್ಲದ ಗಡಿಗಿ ಮಾಡಿಕೊಡು, ಇಪ್ಪತ್ತೆರಡು."
ಆಕಿ ತಿಗರಿ ನಿಲ್ಲಿಸಿ ನಕ್ಕಳು:
"ತಳ ಹೋದ ಗಡಿಗಿ ನಲವತ್ತು ವರ್ಷ ತಿಪ್ಪಿಗೆ ಒಗದೇನಿ,
ಈಗ ರೊಕ್ಕ ಕೊಟ್ಟು ಕೇಳಾಕತ್ತಿಯಲ್ಲ!"
ಒಂದಕ್ಕ ಎಂಬತ್ತು. ಒಡದಾವು ಅಂತ
ಎರಡು ಪುಗಸಟ್ಟೆ.

ರೈಸ್ ಮಿಲ್ಲಿನ ಹಿಂದ ಕರಿ ಗುಡ್ಡ, ಹೊಟ್ಟಿನ ಬೂದಿ.
ಯಾರಿಗೂ ಬ್ಯಾಡಾದದ್ದು, ತುಂಬಿದಷ್ಟು ನಂದು.
ಹಾವು ಬಿಟ್ಟ ಹುತ್ತದ ಮಣ್ಣು, ಬೂದಿ, ಬೆಲ್ಲದ ನೀರು
ರೊಟ್ಟಿ ಹಿಟ್ಟಿನ ಹದಕ್ಕ ನಾನ ನಾದಿದೆ.
ಅದೊಂದು ನಂಗ ಯಾರೂ ಕಲಿಸೂದು ಬ್ಯಾಡ.

ಮಾಳಿಗಿಯಿಂದ ಗೌಂಡಿ ಹಗ್ಗಕ್ಕ ಕಟ್ಟಿ ಒಂದೊಂದ ಇಳಿಬಿಟ್ಟ.
ನಾನು ಒಲಿಯೊಳಗ ತೋಳು ಹಾಕಿ
ಬಂದದ್ದನ್ನ ಕೂಸಿನಂಗ ಹಿಡದೆ.
ಉಂಗುರದ ಮ್ಯಾಲ ಉಂಗುರ,
ಮ್ಯಾಲಕ್ಕ ತೋಡಿದ ಬಾವಿ.
ಗ್ವಾಡಿಗೂ ಗಡಿಗಿಗೂ ನಡುವ ಬೂದಿ ಸುರಿದಿವಿ,
ಸರ್ರಂತ ಇಳಿಯಿತು, ಮಾತು ಮುಗಿಸಿದಂಗ.

ಒಟ್ಟು ಮೂರು ಸಾವಿರದ ಮುನ್ನೂರು.

ಒಲಿ ಹಚ್ಚಿದೆ. ಹೊಗಿ ಹಿಂದ ತಿರುಗಿ ನೋಡಲಿಲ್ಲ.
ಟೀಚರ್ ಏನೂ ಅನ್ನಲಿಲ್ಲ, ಆಕಿ ಹೊಗಳೂದ ಹಂಗ.
ಗ್ವಾಡಿಗೆ ಅಂಗೈ ಒತ್ತಿದೆ: ತಣ್ಣಗ.

ಮಾಳಿಗಿ ಮ್ಯಾಲ ಆ ಇಟ್ಟಂಗಿಗೆ ಬೆನ್ನು ಹಚ್ಚಿ
ಮೂರು ಚಳಿಗಾಲ ಮಲಗಿದ ಮೋಟಬಾಲದ ಬೆಕ್ಕು
ಅವತ್ತು ಸಂಜಿಗೆ ಬಂತು. ಮೂಸಿತು.
ಒಂದು ಸುತ್ತು ಹಾಕಿ ಮತ್ತೊಮ್ಮೆ ಮೂಸಿತು.
ನನ್ನ ಕಡೆ ನೋಡಿ
ಚಾದಂಗಡಿ ಭಟ್ಟಿ ಕಡೆ ಇಳಿದು ಹೋತು.

ಲೆಕ್ಕದ ವಹಿ ತಗದು ಕುಂತೇನಿ.
ಇದನ್ನ ಯಾವ ಸಾಲಿನಾಗ ಬರಿಲಿ?