ಬ್ಯಾಟರಿಯ ಮೇಲೆ

ಬನಹಟ್ಟಿಯ ನಮ್ಮ ಓಣಿಯಲ್ಲಿ
ಕರೆಂಟು ಹೋದದ್ದು ಮೊದಲು ಗೊತ್ತಾಗುವುದು
ನನ್ನ ಲ್ಯಾಪ್‌ಟಾಪಿಗೆ.
ಪರದೆ ಒಮ್ಮೆ ಕಣ್ಣು ಕಿರಿದು ಮಾಡುತ್ತದೆ.
ಆಮೇಲೆ ಮಗ್ಗಗಳು:
ಒಂದು, ಮತ್ತೊಂದು, ಗೋಡೆಯಾಚೆಯ ಆರು.
ಲಾಳಿ ಅರ್ಧ ದಾರಿಯಲ್ಲಿ ನಿಂತು
ಕಿವಿಯಲ್ಲಿ ಗುಂಯ್ ಅನ್ನುವುದಷ್ಟೇ ಉಳಿಯುತ್ತದೆ.

ಸೆಟ್ಟಿಂಗ್ ಹಾಕಿಕೊಟ್ಟವನು ರಬಕವಿಯ ರಿಯಾಜ.
"ಇದಕ್ಕ ಎರಡ ನಮೂನಿ ಬಾಳೇವು ಐತ್ರಿ ಅಕ್ಕಾರ,
ವಾಯರ್ ಇದ್ದಾಗ ಒಂದು, ಇಲ್ಲದಾಗ ಒಂದು."
ವಾಯರ್ ಇದ್ದರೆ ಬೆಳಕು ಪೂರಾ,
ಒಳಗಿನ ಫ್ಯಾನು ಎಷ್ಟು ಬೇಕಾದರೂ ಕೂಗಲಿ, ನಿದ್ದೆ ಇಲ್ಲ.
"ಆದರ ಎಂಬತ್ತಕ್ಕ ನಿಲ್ಲಸ್ರಿ. ಭಾಳ ಉಣಿಸಿದ್ರ ಹೊಟ್ಟಿ ಉಬ್ಬತೈತಿ."
ಹಳೆಯ ಬ್ಯಾಟರಿ ಹಾಗೇ ಪೂರಿಯಂತೆ ಉಬ್ಬಿ
ಕೀಬೋರ್ಡನ್ನೇ ಎತ್ತಿ ಹಿಡಿದಿತ್ತು.
ವಾಯರ್ ಇಲ್ಲದಿದ್ದರೆ ಬೆಳಕು ಮೂವತ್ತು,
ಮೂರು ನಿಮಿಷಕ್ಕೆ ಮಂಪರು, ಹತ್ತಕ್ಕೆ ನಿದ್ದೆ.

ಎಲ್ಲಕ್ಕೂ ಹೂಂ ಅಂದಿದ್ದೆ.
ನನ್ನದು ಚೌಕದ ಕೆಲಸ. ಒಂದು ಚೌಕ,
ಜಕಾರ್ಡಿನ ರಟ್ಟಿನಲ್ಲಿ ಒಂದು ತೂತು,
ಸೀರೆಯ ದಡಿಯಲ್ಲಿ ನವಿಲಿನ ಒಂದು ಕಣ್ಣು.
ಮೂವತ್ತರ ಬೆಳಕಿನಲ್ಲಿ ಗಿಳಿಹಸಿರೂ ನವಿಲುಗತ್ತೂ ಒಂದೇ,
ಆದರೂ ಚೌಕ ಎಣಿಸಬಹುದು.

ದನಿಗೆ ಮಾತ್ರ ಇಂಥ ಸೆಟ್ಟಿಂಗ್ ಇಲ್ಲ.
ನಮ್ಮದು ಕೂಗಿ ಆಡುವ ಮಾತು,
ಮಗ್ಗದ ಸದ್ದು ದಾಟಿ ಹೋಗಬೇಕಲ್ಲ.
ಕರೆಂಟು ಹೋದರೂ ಒಂದೆರಡು ಮಾತು
ಅದೇ ಎತ್ತರದಲ್ಲಿ ಹಾರಿಬಿಡುತ್ತವೆ.
ಒಬ್ಬಳ ಬಸಿರು, ಒಬ್ಬ ಕದ್ದು ಎತ್ತಿದ ಚೀಟಿ
ಹೀಗೆಯೇ ಓಣಿಗೆಲ್ಲ ಹಂಚಿಹೋದವು.

ಬುಧವಾರ ಮುರಿಗೆವ್ವ
ಕಂಡಿಕಿಯ ಬುಟ್ಟಿ ನನ್ನ ಮೇಜಿನ ಮೇಲಿಟ್ಟು
ಕಿವಿಗೆ ಬಾಯಿ ಹಚ್ಚಿ ಏನೋ ಕೂಗುತ್ತಿದ್ದಳು.
ಪರದೆ ಮಸುಕಾಯಿತು. ನಾನು ಕೈ ಎತ್ತುವಷ್ಟರಲ್ಲಿ
ಓಣಿ ನಿಂತಿತು, ಅವಳ ಮಾತು ನಿಲ್ಲಲಿಲ್ಲ:
"ಮೂರ ತಿಂಗಳಾತು, ಕಣ್ಣ ಕಾಣೂದಿಲ್ಲವ್ವಾ,
ಕೈಗುರತಲೇ ಸುತ್ತಾಕತ್ತೇನಿ,
ಸಾವಕಾರಗ ಹೇಳಬ್ಯಾಡ!"

ಗೋಡೆಯಾಚೆ ಸಾವಕಾರ ಚನಮಲ್ಲಪ್ಪನ ಚಪ್ಪಲಿ
ಸದ್ದು ಮಾಡುತ್ತಿದ್ದದ್ದು ಸುಮ್ಮನಾಯಿತು.
ಯಾರದೋ ಮನೆಯ ಕುಕ್ಕರು ಒಮ್ಮೆ ಕೂಗಿತು.
ಮುರಿಗೆವ್ವ ಬಾಯಿಗೆ ಸೆರಗು ಹಿಡಿದಳು,
ಮಾತು ಹೋದ ಮೇಲೆ.

ಏನು ಮಾಡಬೇಕೋ ತಿಳಿಯದೆ
ನಾನು ಬೆಳಕು ಏರಿಸಿದೆ.
ಮೂವತ್ತು, ಅರವತ್ತು, ಪೂರಾ ನೂರು.
ಬ್ಯಾಟರಿಯಲ್ಲಿ ಇದ್ದದ್ದು ನಲವತ್ತೊಂದು,
ರಿಯಾಜ ನೋಡಿದ್ದರೆ ಬೈಯುತ್ತಿದ್ದ.
"ಬಾ ಇಲ್ಲೆ, ಇದು ಯಾವ ಬಣ್ಣ?"
ಗಾಜಿಗೆ ಮೂಗು ತಾಗುವಷ್ಟು ಬಾಗಿದಳು,
ಉಸಿರಿನ ಹಬೆ ಪರದೆಯ ಮೇಲೆ ಕೂತು ಆರಿತು.
"ಕೆಂಪ."
ಕೆಂಪೇ.
"ಇದು?"
ನಲವತ್ತು. ಮೂವತ್ತೊಂಬತ್ತು.
"ಕರೇದು."
ಅದು ಹಸಿರು. ನಾನು ಹೇಳಲಿಲ್ಲ.

ನನ್ನ ಸುಮ್ಮನಿರುವಿಕೆ ಅವಳಿಗೆ ಕೇಳಿಸಿರಬೇಕು.
ಬುಟ್ಟಿಗೆ ಕೈ ಹಾಕಿ ಒಂದು ಕಂಡಿಕಿ ತೆಗೆದು
ಹೆಬ್ಬೆರಳು ತೋರುಬೆರಳ ನಡುವೆ ಉರುಳಿಸಿ,
"ಇದು ಹಸರ," ಅಂದಳು,
"ಹಸರ ನೂಲು ಒಂಚೂರು ಗಡಸ ಇರತೈತಿ."
ಹಸಿರೇ ಆಗಿತ್ತು.

ತಲೆ ಎತ್ತಿದರೆ ಬಾಗಿಲಲ್ಲಿ ಚನಮಲ್ಲಪ್ಪ,
ಕೈಯಲ್ಲಿ ಎಣ್ಣೆಯ ಡಬ್ಬಿ.
ಎಷ್ಟು ಹೊತ್ತಿನಿಂದ ನಿಂತಿದ್ದನೋ.
ಅವನು ಬಾಯಿ ತೆರೆಯುವುದಕ್ಕೂ
ಕರೆಂಟು ಬರುವುದಕ್ಕೂ ಒಂದೇ ಆಯಿತು.
ಮೊದಲು ಹೇಳಬೇಕಿದ್ದ ಪರದೆ ಹೇಳಲಿಲ್ಲ,
ಅದು ಆಗಲೇ ಪೂರಾ ಬೆಳಗಿತ್ತಲ್ಲ.
ಆರೂ ಮಗ್ಗ ಒಟ್ಟಿಗೆ ಗುದ್ದಿದಾಗಲೇ ನನಗೆ ಗೊತ್ತಾದದ್ದು.

ಅವನ ತುಟಿ ಬಹಳ ಹೊತ್ತು ಅಲುಗಿದವು.
ಆಮೇಲೆ ಒಳಗೆ ಬಂದು, ಬುಟ್ಟಿಯಿಂದ
ತಾನೂ ಒಂದು ಕಂಡಿಕಿ ತೆಗೆದು,
ಕಣ್ಣು ಮುಚ್ಚಿ, ಎಣ್ಣೆಬೆರಳಲ್ಲಿ ಉರುಳಿಸಿ ನೋಡಿ,
ಅಲ್ಲೇ ಇಟ್ಟು ಹೋದ.

"ಏನಂದ್ರು?" ಮುರಿಗೆವ್ವ ನನ್ನ ಕಿವಿಯಲ್ಲಿ ಕೂಗಿದಳು.
"ಕೇಳಸಲಿಲ್ಲ!" ನಾನೂ ಕೂಗಿದೆ.
ಮೂವತ್ತೇಳು. ಮೂವತ್ತೆಂಟು.